ಟ್ಯಾಬ್ ಒಂದಿದ್ರೆ ಸಾಕಲ್ವಾ, ಮೇಷ್ಟ್ರೇ?

ಅಲ್ಲ ಮೇಷ್ಟ್ರೇ, ಮತ್ತೊಂದು ಲ್ಯಾಪ್‌ಟಾಪ್ ಯಾಕೆ, ಟ್ಯಾಬ್ ಸಾಕು ಅಂತ ನಿಮ್ಮ ಮಗಳು ಹೇಳಿದ್ದರಲ್ಲಿ ತಪ್ಪೇನಿದೆ? ನನ್ನ ಓಟೂ ಅವಳಿಗೇ. ಮೇಲ್ ನೋಡೋದು, ಪೇಪರ್ ಓದೋದು, ಕರೆಂಟ್ ಬಿಲ್ ಕಟ್ಟೋದು, ಸಂಘದ ಸಭೆಗೆ ನಡವಳಿ ಬರೆಯೋದು, ರಾತ್ರಿ ಮೊಮ್ಮಗಳ ಮುಖ ನೋಡೋದು. ಇಷ್ಟಕ್ಕೆಲ್ಲ ನಾನು ಟ್ಯಾಬನ್ನೇ ಹಿಡಿದು ಬಹಳ ದಿನ ಆಯ್ತು. ಒಳಗೆ ಫ್ಯಾನ್ ಇಲ್ಲ, ಗುಂಯ್‌ಗುಟ್ಟೋದಿಲ್ಲ. ಏಪ್ರಿಲ್ ಮಧ್ಯಾಹ್ನ ತೊಡೆ ಮೇಲಿಟ್ಟುಕೊಂಡರೂ ಸುಡೋದಿಲ್ಲ. ಮುಚ್ಚಳ ತೆಗೆದರೆ ನಿನ್ನೆ ಬಿಟ್ಟ ಸಾಲೇ ಎದುರಿಗಿರುತ್ತೆ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯೋ ಹೊತ್ತಿಗೆ ಎರಡು ಪತ್ರಕ್ಕೆ ಉತ್ತರ ಹೋಗಿರುತ್ತೆ.

ಮನೆ ಮಾತು ಬಿಡಿ. ನಮ್ಮ ರಾಜ್ಯದಿಂದಲೇ ರಾಜ್ಯಸಭೆಗೆ ಹೋದ ನಿರ್ಮಲಾ ಸೀತಾರಾಮನ್ ಅವರನ್ನೇ ನೋಡಿ. 2019ರಲ್ಲಿ ಬ್ರೀಫ್‌ಕೇಸ್ ಬಿಟ್ಟು ಕೆಂಪು ಬಟ್ಟೆ ಸುತ್ತಿದ ಬಹಿಖಾತಾ ಹಿಡಿದು ಬಂದರು. 2021ರ ಫೆಬ್ರವರಿ 1ಕ್ಕೆ ಕೆಂಪು ಹೊದಿಕೆ ಹಾಗೇ ಇತ್ತು, ಒಳಗೆ ಮಾತ್ರ ಟ್ಯಾಬು. ದೇಶದ ಆಯವ್ಯಯ ಅದರಲ್ಲೇ ಓದಿ ಮುಗಿಸಿದರು. ಓದೋದು ಬೇರೆ, ಲೆಕ್ಕ ಕೂಡಿಸೋದು ಬೇರೆ ಅಂತೀರಿ, ಅಲ್ವಾ? ನಿಜ.

ಲೆಕ್ಕ ಅಂದ ಕೂಡಲೇ ನೆನಪಾಯ್ತು ನೋಡಿ. 2010ರಲ್ಲಿ ಮೊದಲ ಐಪ್ಯಾಡ್ ಬಂತಲ್ಲ, ಅದರಲ್ಲಿ ಕ್ಯಾಲ್ಕುಲೇಟರೇ ಇರಲಿಲ್ಲ! ಐಫೋನಿನಲ್ಲಿ ಮೊದಲಿಂದಲೂ ಇದ್ದದ್ದು, ಅಷ್ಟು ದೊಡ್ಡ ಪರದೆಗೆ ಬರೋಕೆ 2024 ಆಗಬೇಕಾಯ್ತು. 14 ವರ್ಷ! ಅಷ್ಟು ದಿನ ಜನ ಬೇರೆ ಯಾರೋ ಮಾಡಿದ ಆ್ಯಪ್ ಹಾಕಿಕೊಂಡು ಕೂಡಿ ಕಳೀತಿದ್ದರು. ಆದರೆ ತಡವಾಗಿ ಬಂದರೂ ಚೆನ್ನಾಗಿ ಬಂತು ಅನ್ನಿ. ಅದರ ಪೆನ್ನಿನಲ್ಲಿ ಲೆಕ್ಕ ಬರೆದು ಮುಂದೆ ಎರಡು ಗೆರೆ ಎಳೆದರೆ ಸಾಕು, ಉತ್ತರ ನಮ್ಮದೇ ಕೈಬರಹದ ಧಾಟಿಯಲ್ಲಿ ಮೂಡುತ್ತೆ. ನನ್ನ 7ರ ಬಾಲ ಸಮೇತ!

ಅಂಗಡಿಗೆ ಹೋಗೋ ಮುಂಚೆ ಇನ್ನೊಂದು ವಿಚಿತ್ರ ತಿಳ್ಕೊಂಡಿರಿ. ಮೈಕ್ರೋಸಾಫ್ಟಿನ ವರ್ಡು, ಎಕ್ಸೆಲ್ಲು ಟ್ಯಾಬಿನಲ್ಲಿ ಪುಕ್ಕಟೆಯೇ. ಆದರೆ ಪರದೆ 10.1 ಇಂಚು ದಾಟಿತೋ, ಓದೋಕೆ ಮಾತ್ರ ಪುಕ್ಕಟೆ, ತಿದ್ದೋಕೆ ಚಂದಾ. 2019ರ ಐಪ್ಯಾಡ್ ಎಷ್ಟು ಇಂಚು ಅಂತೀರಿ? 10.2. ಕೂದಲೆಳೆಯಲ್ಲಿ ತಪ್ಪಿಹೋಯ್ತು, ಅಲ್ವಾ? ಗೂಗಲ್ ಡಾಕ್ಸ್‌ಗೆ ಈ ಅಳತೆಪಟ್ಟಿ ಇಲ್ಲ, ನನ್ನದೆಲ್ಲ ಅದರಲ್ಲೇ.

ಹ್ಞಾಂ, ಕೀಬೋರ್ಡ್ ಮಾತ್ರ ಬೇರೆ ತಗೊಳ್ಳಲೇಬೇಕು. ಗಾಜಿನ ಮೇಲೆ ಬೆರಳಲ್ಲಿ ನಾಲ್ಕು ಸಾಲು ಕುಟ್ಟಬಹುದು, ನಾಲ್ಕು ಪುಟ ಆಗೋದಿಲ್ಲ. ಬೆರಳು ನೋಯೋ ದಿನ ನಾನು ಮೈಕ್ ಒತ್ತಿ ಕನ್ನಡದಲ್ಲೇ ಹೇಳ್ತಾ ಹೋಗ್ತೀನಿ. 2017ರಲ್ಲಿ ಗೂಗಲ್ ನಮ್ಮ ಭಾಷೆಗೂ ಅದನ್ನ ಕೊಟ್ಟಿತು. ನಿಧಾನವಾಗಿ ಹೇಳಿದರೆ ಒತ್ತಕ್ಷರವೂ ಸರಿಯಾಗೇ ಬೀಳುತ್ತೆ. ನಿಮ್ಮ ಹಾಗೆ ಪಾಠ ಹೇಳಿದ ಗಂಟಲಿಗಂತೂ ಹೇಳಿ ಮಾಡಿಸಿದ್ದು.

ಯಂತ್ರದ ಜೊತೆ ನಮ್ಮ ಭಾಷೆಯ ವ್ಯವಹಾರ ಅಂದ್ರೆ ನನಗೆ ಸಿಂಪ್ಯೂಟರ್ ನೆನಪಾಗುತ್ತೆ. ಮರೆತುಬಿಟ್ಟಿರಾ? ಐಐಎಸ್ಸಿ ಪ್ರಾಧ್ಯಾಪಕರು, ಎನ್‌ಕೋರ್ ಸಾಫ್ಟ್‌ವೇರಿನವರು ಸೇರಿ 1999ರಲ್ಲಿ ಟ್ರಸ್ಟ್ ಮಾಡಿದ್ದರಲ್ಲ! ಅಂಗೈಯಲ್ಲಿ ಹಿಡಿಯೋ ಕಂಪ್ಯೂಟರು, ಕಡ್ಡಿಯಲ್ಲಿ ಒತ್ತಿ ಕೆಲಸ. ಅಕ್ಷರ ಬಾರದವರಿಗೆ ಅವರ ಭಾಷೆಯಲ್ಲೇ ಓದಿ ಹೇಳಬೇಕು ಅನ್ನೋದು ಅವರ ಆಸೆ. ಊರಿಗೊಂದು ಇದ್ದರೂ ಸಾಕು, ಒಬ್ಬೊಬ್ಬರು ತಮ್ಮ ಸ್ಮಾರ್ಟ್ ಕಾರ್ಡ್ ತೂರಿಸಿ ಬಳಸಿಕೊಳ್ಳಲಿ ಅಂತ ಕಿಂಡಿಯನ್ನೂ ಇಟ್ಟಿದ್ದರು. 2004ರಲ್ಲಿ ಬಿಇಎಲ್ ಅದನ್ನ ತಯಾರಿಸಿ ಮಾರಾಟಕ್ಕೂ ಬಿಟ್ಟಿತು, ಐಪ್ಯಾಡಿಗಿಂತ ಆರು ವರ್ಷ ಮೊದಲು! ಅಂದುಕೊಂಡಷ್ಟು ಹೋಗಲಿಲ್ಲ. ಆದರೂ ನಮ್ಮ ಬೆಂಗಳೂರಿನಲ್ಲೇ ಅಷ್ಟು ದೂರ ಯೋಚಿಸಿದ್ದರು ಅಂದ್ರೆ ನನಗೆ ಈಗಲೂ ಹೆಮ್ಮೆ.

ಎಲ್ಲಿದ್ದೆ... ಹ್ಞಾಂ, ಕನ್ನಡ. ನಿಮಗೆ ಟ್ಯಾಬ್ ತೊಡಕಾಗೋದು ಒಂದೇ ಕಡೆ, ನಿಮ್ಮ ನುಡಿ ಫೈಲುಗಳಲ್ಲಿ. ಕನ್ನಡ ಗಣಕ ಪರಿಷತ್ತಿನ ನುಡಿ, ಕೆ.ಪಿ. ರಾಯರ ಕೀಲಿಮಣೆ ಇವಿಲ್ಲದೆ ನಮ್ಮ ಕಚೇರಿಗಳಲ್ಲಿ ಕನ್ನಡ ಓಡ್ತಿರಲಿಲ್ಲ, ಆ ಋಣ ದೊಡ್ಡದು. ಆದರೆ ಹಳೇ ನುಡಿ ಫೈಲಿನಲ್ಲಿ ಯೂನಿಕೋಡ್ ಇಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನ ಕೂರಿಸಿದ ಫಾಂಟ್ ಅದು. ಫಾಂಟ್ ಇಲ್ಲದ ಟ್ಯಾಬಿನಲ್ಲಿ ತೆಗೆದರೆ ತಲೆ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ಕನ್ನಡ ಅಂತ ಬರೆದಿದ್ದರೆ ‘ನ’ ಇರೋ ಜಾಗದಲ್ಲಿ ಬ್ರಿಟನ್ನಿನ ಪೌಂಡ್ ಗುರುತು! ನಿಮ್ಮ ಊರಿನ ಇತಿಹಾಸ, ಅಷ್ಟು ವರ್ಷ ಹಳ್ಳಿ ಹಳ್ಳಿ ಸುತ್ತಿ ಬರೆದದ್ದು, ಪೌಂಡ್ ಗುರುತುಗಳಾಗಿ ನಿಂತರೆ ಕರುಳು ಚುರ್ ಅನ್ನೋಲ್ವಾ? ಟ್ಯಾಬ್ ಬರಲಿ ಬಿಡಲಿ, ಆ ಪುಟಗಳು ಯೂನಿಕೋಡ್‌ಗೆ ಬರಲೇಬೇಕು. ಪರಿವರ್ತಕಗಳು ಬಿಟ್ಟಿಯಾಗೇ ಸಿಗ್ತವೆ. ಈ ಕಡೆ ಅಂಟಿಸಿದರೆ ಆ ಕಡೆ ಕನ್ನಡವಾಗಿ ಬರುತ್ತೆ, ಒತ್ತಕ್ಷರಗಳ ಮೇಲೊಮ್ಮೆ ಕಣ್ಣಾಡಿಸಿದರಾಯ್ತು.

ನಿಮ್ಮ ತಮ್ಮನಿಗೆ ಮಾತ್ರ ಟ್ಯಾಬ್ ಬೇಡ. ಕಂಪನಿಗಳ ಲೆಕ್ಕ ನೋಡೋರು, ಡಿಜಿಟಲ್ ಸಹಿಯ ಟೋಕನ್ ಕಂಪ್ಯೂಟರಿಗೇ ಚುಚ್ಚಬೇಕು. ಅವರ ಎಕ್ಸೆಲ್ ಹಾಳೆಗಳಲ್ಲಿರೋ ಮ್ಯಾಕ್ರೋಗಳೂ ಟ್ಯಾಬಿನಲ್ಲಿ ಓಡೋದಿಲ್ಲ. ನಿಮಗೆ ಆ ರಗಳೆ ಎಲ್ಲಿದೆ?

ಹಳೇ ಲ್ಯಾಪ್‌ಟಾಪ್ ಚಾರ್ಜರ್ ಸಿಕ್ಕಿಸಿದರೆ ಇನ್ನೂ ಏಳುತ್ತೆ ಅಂದ್ರಲ್ಲ, ಹಾಗಾದ್ರೆ ತಡ ಮಾಡೋದು ಬೇಡ. ನುಡಿ ಫೈಲುಗಳನ್ನ ಪೆನ್‌ಡ್ರೈವಿಗೆ ಹಾಕಿಕೊಂಡು ಭಾನುವಾರ ಈ ಕಡೆ ಬನ್ನಿ. 2019ರ ತನಕ ಐಪ್ಯಾಡ್ ಪೆನ್‌ಡ್ರೈವಿನಲ್ಲಿರೋ ಕಡತಗಳನ್ನ ತೆರೆದು ತೋರಿಸ್ತಿರಲಿಲ್ಲ, ಈಗ ಆ ಗೋಳಿಲ್ಲ. ಮೊದಲು ದೇವಸ್ಥಾನದ ಶಾಸನದ ಅಧ್ಯಾಯ ತಗೊಳ್ಳೋಣ, ಹಳಗನ್ನಡದ ಸಾಲು ಜಾಸ್ತಿ ಇರೋದು ಅದರಲ್ಲೇ ಅಲ್ವಾ? ನೀವು ಗಟ್ಟಿಯಾಗಿ ಓದ್ತಾ ಹೋಗಿ, ನಾನು ತಿದ್ದುತ್ತಾ ಬರ್ತೀನಿ.