ಮಾಲೀಕರನ್ನು ದವಾಖಾನಿಗೆ ಒಯ್ಯುವ ವಿಧಾನ

(ವಯಸ್ಸಾದ ನಾಯಿ, ಬೆಕ್ಕುಗಳ ಬಳಕೆಗಾಗಿ)

ಯಾರಿಗೆ: ವಿಜಯಪುರ ನಗರ, ತಿಕೋಟಾ, ಬಬಲೇಶ್ವರ ಸೀಮೆಯಲ್ಲಿ ಏಳು ವರ್ಷ ದಾಟಿದ ನಾಯಿಗಳಿಗೆ, ಹತ್ತು ದಾಟಿದ ಬೆಕ್ಕುಗಳಿಗೆ. ಮುಧೋಳ ತಳಿಯವರೂ ಓದತಕ್ಕದ್ದು. 2005ರಲ್ಲಿ ನಿಮ್ಮ ಚಿತ್ರ ಅಂಚೆಚೀಟಿಯ ಮೇಲೆ ಬಂದದ್ದು ನಿಜ. ಅಷ್ಟಕ್ಕೇ ಕೀಲು ಸವೆಯುವುದು ನಿಲ್ಲುವುದಿಲ್ಲ.

1. ಮಾಲೀಕರ ಸ್ವಭಾವ ಅರಿಯಿರಿ. ಎಮ್ಮೆ ಒಂದು ಹೊತ್ತು ಮೇವು ಬಿಟ್ಟರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಹಚ್ಚುವವರು ಇವರೇ. ಆ ಎಮ್ಮೆ ಕಾಯುವ ನಾಯಿ ಎರಡು ದಿನ ರೊಟ್ಟಿ ಮುಟ್ಟದಿದ್ದರೆ, "ವಯಸ್ಸಾಗೇದ, ಬಿಡ್ರಿ" ಅನ್ನುತ್ತಾರೆ. ಬೇಸರ ಬೇಡ, ನೀವು ಹಾಲು ಕೊಡುವುದಿಲ್ಲ. ಮುಪ್ಪು ರೋಗವಲ್ಲ, ರೋಗ ಅಡಗಿ ಕೂರುವ ಜಾಗ ಎಂದು ಅವರ ತಲೆಗೆ ತುಂಬುವುದೇ ನಿಮ್ಮ ಕೆಲಸ.

2. ಸುಳಿವು ಕೊಡಿ. ನಾಯಿಗಳು ಕಟ್ಟೆಯ ಮುಂದೆ ತುಸು ನಿಂತು, ಮುಂಗಾಲು ಮೇಲಿಟ್ಟು, ಹಿಂಗಾಲನ್ನು ನಿಧಾನ ಎಳೆದುಕೊಳ್ಳಬೇಕು. ಬೆಕ್ಕುಗಳಿಗೆ ನೋವು ಮುಚ್ಚಿಡುವುದು ಹುಟ್ಟುಗುಣ. ಆದ್ದರಿಂದ ಬಚ್ಚಲ ಬಕೆಟ್ಟಿಗೆ ಮೇಲಿಂದ ಮೇಲೆ ಬಂದು ಕಾಣುವಂತೆ ನೀರು ಕುಡಿಯಿರಿ. "ಬಿಸಲ ಭಾಳ ಅದ, ಅದಕ್ಕ" ಎಂಬ ಉತ್ತರ ಬಂದೀತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಈ ನೆಪ ಅಗ್ಗ. ಒಪ್ಪಬೇಡಿ, ಹೆಚ್ಚು ನೀರು ಕುಡಿಯುವುದು ಕಿಡ್ನಿ ಕೆಟ್ಟ ಸುಳಿವೂ ಇದ್ದೀತು. ಕಿಡ್ನಿಯ ಕೆಲಸ ಮುಕ್ಕಾಲು ಪಾಲು ಕೆಟ್ಟ ಮೇಲಷ್ಟೇ ರಕ್ತದಲ್ಲಿ ಕ್ರಿಯಾಟಿನಿನ್ ಏರುವುದುಂಟು. ಹಾಗಾಗಿ ರಕ್ತದ ಜೊತೆ ಮೂತ್ರ ಪರೀಕ್ಷೆಯೂ ಆಗಬೇಕು.

3. ಪ್ರಯಾಣ. ಬೆಕ್ಕನ್ನು ಗೋಣಿಚೀಲಕ್ಕೆ ತುರುಕಿದರೆ ಪರಚಲು ಅನುಮತಿಯಿದೆ. ಚೀಲದ ಬದಲು ಎರಡು ದ್ರಾಕ್ಷಿ ಕ್ರೇಟುಗಳನ್ನು ಬಾಯಿಗೆ ಬಾಯಿ ಕೂಡಿಸಿ ಕಟ್ಟಿದರೆ ಮುಗಿಯಿತು. ಒಳಗೆ ಹಳೆ ಸೀರೆ ಹಾಸಿ ವಾರ ಮೊದಲೇ ಪಡಸಾಲೆಯಲ್ಲಿ ಇಡಿಸಿಕೊಳ್ಳಿ. ಹೊರಡುವುದು ಬೆಳಗಿನ ತಂಪಿನಲ್ಲಿ.

4. ದವಾಖಾನಿಯಲ್ಲಿ. ಪಾಳಿಯಲ್ಲಿ ಆಡು, ಕುರಿ ಇದ್ದಾವು, ತಕರಾರು ಬೇಡ. ಡಾಕ್ಟರು ತುಟಿ ಎತ್ತಿ ಹಲ್ಲು ನೋಡಲಿ, ಹೊಟ್ಟೆ ಒತ್ತಲಿ, ಗಂಟು ಹುಡುಕಲಿ. ಪ್ರತಿ ಸಲ ತೂಕ ಮಾಡಿಸಿ ಬರೆದಿಡಬೇಕು. ಚೆನ್ನಾಗಿ ತಿಂದೂ ಬಡವಾಗುವ ಬೆಕ್ಕಿಗೆ ಥೈರಾಯ್ಡ್ ಇಲ್ಲವೇ ಸಕ್ಕರೆ ಕಾಯಿಲೆ ಇದ್ದೀತು. ರೇಬೀಸ್ ಲಸಿಕೆಗೆ ಮುಪ್ಪಿನ ವಿನಾಯಿತಿ ಇಲ್ಲ.

ಎಚ್ಚರಿಕೆ: ತಿಕೋಟಾದ ನಾಯಿಗಳೇ, ಒಣದ್ರಾಕ್ಷಿ ಶೆಡ್ಡಿನ ಬಲೆಯಿಂದ ಉದುರಿದ್ದನ್ನು ಮೂಸಲೂ ಬೇಡಿ. ಊರಿಗೆ ಹೆಸರು ತಂದ ಬೆಳೆ ನಿಮ್ಮ ಕಿಡ್ನಿಗೆ ವಿಷ. ಅದರಲ್ಲಿರುವ ಟಾರ್ಟಾರಿಕ್ ಆಮ್ಲದ ಮೇಲೆ ತಜ್ಞರ ಗುಮಾನಿ. ತಿಂದದ್ದು ಕಂಡರೆ ಮಾಲೀಕರು ವಾಂತಿಗಾಗಿ ಕಾಯದೆ ಆಗಲೇ ದವಾಖಾನಿಗೆ ಓಡಬೇಕು. ಬೆಕ್ಕುಗಳೇ, ಜ್ವರಕ್ಕೆಂದು ಮನೆಯವರ ಪ್ಯಾರಾಸಿಟಮಾಲ್ ಅರೆದು ಕೊಟ್ಟರೆ ಉಗುಳಿ. ಅರ್ಧ ಮಾತ್ರೆಯೂ ಜೀವ ತೆಗೆದೀತು.

ದೋಷ ಮತ್ತು ಪರಿಹಾರ:

"ಹೋದ ವರ್ಷ ತೋರಿಸೇವಲ್ಲ?" — ನಿಮ್ಮ ಒಂದು ವರ್ಷ ಅವರ ನಾಲ್ಕೈದು ವರ್ಷಕ್ಕೆ ಸಮ. ಆರು ತಿಂಗಳಿಗೊಮ್ಮೆ ತೋರಿಸಬೇಕು.

"ರೊಕ್ಕ ಭಾಳ ಆಗ್ತದ." — ಟ್ರ್ಯಾಕ್ಟರಿಗೆ ತಾಸು ಎಣಿಸಿ ಆಯಿಲ್ ಬದಲಿಸುವವರು ಇವರು. ಎಂಜಿನ್ ಸೀಜ್ ಆದ ಮೇಲಿನ ಬಿಲ್ ಎಷ್ಟೆಂದು ಅವರಿಗೇ ಗೊತ್ತು.

ವಿಶೇಷ ಸೂಚನೆ: ಓದಲು ಬಾರದವರು ಈ ಹಾಳೆಯನ್ನು ಕಚ್ಚಿ ಹರಿಯಿರಿ. ಏನು ಹಾಳಾಯಿತೆಂದು ನೋಡಲಾದರೂ ಮಾಲೀಕರು ಚೂರು ಜೋಡಿಸಿ ಓದುತ್ತಾರೆ.