ಉತ್ಥಾಪನ ಮೀಮಾಂಸೆ: ಸಾವಳಗಿಯ ಅಂಗಳದಲ್ಲಿ ಕಾರೆತ್ತುವ ಶಾಸ್ತ್ರ

ಭಾರ ಎತ್ತುವ ಶಾಸ್ತ್ರದಲ್ಲಿ ಎರಡು ಸಂಪ್ರದಾಯಗಳುಂಟು: ರಾವಣ ಸಂಪ್ರದಾಯ, ಗೋವರ್ಧನ ಸಂಪ್ರದಾಯ. ಮೊದಲನೆಯದರ ಶಿಲಾಪ್ರಮಾಣ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲೇ ಇದೆ. ಲೋಕಮಹಾದೇವಿ 8ನೆಯ ಶತಮಾನದಲ್ಲಿ ಕಟ್ಟಿಸಿದ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯಲ್ಲಿ ದಶಕಂಠ ಕೈಲಾಸ ಎತ್ತುತ್ತಿದ್ದಾನೆ. ಕೈ ಇಪ್ಪತ್ತು, ಸ್ಟ್ಯಾಂಡ್ ಒಂದೂ ಇಲ್ಲ. ಮೇಲಿದ್ದವನು ಕಾಲ್ಬೆರಳು ಒತ್ತಿದ, ಕೆಳಗಿದ್ದವನ ಕೈ ಸಿಕ್ಕಿಬಿತ್ತು. ಎರಡನೆಯ ಸಂಪ್ರದಾಯದಲ್ಲಿ ಕೃಷ್ಣನೇ ಕಿರುಬೆರಳಲ್ಲಿ ಗುಡ್ಡ ಹಿಡಿದಿದ್ದರೂ ಗೊಲ್ಲರು ತಂತಮ್ಮ ಕೋಲು ಆನಿಸಿದರು. ಭಕ್ತರು ಇದನ್ನು ಅವರ ಮುಗ್ಧತೆ ಎನ್ನುತ್ತಾರೆ, ನಾವು ಒಪ್ಪುವುದಿಲ್ಲ. ಎತ್ತುವುದು ಬೇರೆ, ಹೊರುವುದು ಬೇರೆ ಎಂದು ಕಂಡುಕೊಂಡ ಆದಿ ಮೆಕ್ಯಾನಿಕರು ಅವರು.

ಇದಕ್ಕೆ ಸಾವಳಗಿಯ ಪೂರ್ವಪಕ್ಷ ನಾಲ್ಕೇ ಪದದ್ದು: "ಏನೂ ಆಗಂಗಿಲ್ಲ ಬಿಡೋ ತಮ್ಮಾ." ಕಟ್ಟೆಯ ಮೇಲೆ ಕುಳಿತು ಇದನ್ನು ಪ್ರತಿಪಾದಿಸುವ ಆಚಾರ್ಯರಲ್ಲಿ ಒಬ್ಬರೂ ಕಾರಿನ ಅಡಿಗೆ ತೂರಿದ ದಾಖಲೆಯಿಲ್ಲ.

ಖಂಡನೆ ನೆಲದಿಂದ ಶುರುವಾಗಲಿ. ನಮ್ಮ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅಂಗೈಯಗಲದ ಜಾಕಿನ ತಳವನ್ನು ಸದ್ದಿಲ್ಲದೆ ನುಂಗುತ್ತದೆ. ಆದ್ದರಿಂದ ಸಮತಟ್ಟಾದ ಕಾಂಕ್ರೀಟ್ ಉತ್ತಮ. ದಪ್ಪ ಹಲಗೆ ಹಾಸಿದ ಗಟ್ಟಿ ನೆಲ ಮಧ್ಯಮ. ಹೊಲದ ಬದು ಅಧಮಾಧಮ. ಹ್ಯಾಂಡ್‌ಬ್ರೇಕ್ ಎಳೆದು, ಗೇರು ಹಾಕಿ, ಎತ್ತದ ಕಡೆಯ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು. ಗಾಲಿ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸ್ವಲ್ಪ ಸಡಿಲಿಸಬೇಕು. ಎತ್ತಿದ ಮೇಲೆ ಪಾನಾ ಹಾಕಿ ಜಗ್ಗಾಡುವುದು ಶುದ್ಧ ರಾವಣತ್ವ.

ಈಗ ಜಾಕು. ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಪೇಟೆಂಟ್ ಪಡೆದ ಹೈಡ್ರಾಲಿಕ್ ಪ್ರೆಸ್ಸಿನ ವಂಶದ ಕುಡಿ ಅದು. ಸಣ್ಣ ಕೊಳವೆಯಲ್ಲಿ ಒತ್ತಿದ ಎಣ್ಣೆ ದೊಡ್ಡ ಕೊಳವೆಯಲ್ಲಿ ಭಾರ ಎತ್ತುತ್ತದೆ. ಸಿದ್ಧಾಂತ ಭವ್ಯ; ಆದರೆ ಅಷ್ಟೂ ಭಾರವನ್ನು ತಡೆದಿಟ್ಟಿರುವುದು ಒಂದು ರಬ್ಬರ್ ಸೀಲು. ಅದು ಸೋರಿದ ಕ್ಷಣ ನೀವು ವಿರೂಪಾಕ್ಷ ಗುಡಿಯ ಶಿಲ್ಪ. ಕಂಪನಿ ಗುರುತಿಸಿದ ಜಾಗದಲ್ಲೇ ಎತ್ತಿ, ಎರಡು ಕಬ್ಬಿಣದ ಸ್ಟ್ಯಾಂಡ್ ಕೊಟ್ಟು, ಕಾರನ್ನು ಅವುಗಳ ಮೇಲೆ ಇಳಿಸಿ, ಕೈಯಿಂದ ಅಲುಗಾಡಿಸಿ ನೋಡಿ. ಕಳಚಿದ ಗಾಲಿಯನ್ನೂ ಬಾಡಿಯ ಅಡಿ ಮಲಗಿಸಿ. ಸಿಮೆಂಟ್ ಇಟ್ಟಿಗೆ ಮಾತ್ರ ಬೇಡ. ಅದು ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ.

ಶಾಕಪ್ ಪ್ರಕರಣಕ್ಕೆ ಪಕ್ಕದ ಮುಧೋಳದ ರನ್ನನೇ ಪ್ರಮಾಣ. ಅದುಮಿ ಕೂಡಿಸಿದ ಸ್ಪ್ರಿಂಗ್ ಎಂದರೆ ಕೊಳದಲ್ಲಿ ಅಡಗಿದ ದುರ್ಯೋಧನ: ನೋಡಲು ಶಾಂತ, ಹೊರಬಂದರೆ ಗದೆ ಸಮೇತ. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಸ್ಟ್ರಟ್ಟಿನ ತಲೆಯ ನಟ್ಟು ಬಿಚ್ಚಕೂಡದು. ಇಲ್ಲಿ ಭೀಮನಾಗಲು ಹೊರಟವರು ಗ್ಯಾರೇಜಿಗೆ ಹೋಗುವುದೇ ಕ್ಷೇಮ.

ಇಳಿಸುವ ವಿಧಿ ಚಿಕ್ಕದು. ನಟ್ಟುಗಳನ್ನು ಸಾಲಾಗಿ ಅಲ್ಲ, ಎದುರುಬದುರಾಗಿ ಬಿಗಿಯಿರಿ. ಗಾಲಿ ನೆಲ ಮುಟ್ಟಿದ ಮೇಲೆ ಕೊನೆಯ ಬಿಗಿ. ರಬ್ಬರ್ ಬುಷ್ಷಿನ ಬೋಲ್ಟುಗಳನ್ನೂ ಗಾಲಿಯ ಮೇಲೆ ಭಾರ ಬಿದ್ದಾಗಲೇ ಬಿಗಿಯಬೇಕು, ಇಲ್ಲದಿದ್ದರೆ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ. ಒಮ್ಮೆ ಜಮಖಂಡಿಗೆ ಹೋಗಿಬಂದು ನಟ್ಟುಗಳಿಗೆ ಇನ್ನೊಮ್ಮೆ ಪಾನಾ ಹಾಕಿ ನೋಡಿ.