ಗೀರು ಮೀಮಾಂಸೆ: ಕೆರೆಬಿಳಚಿಯ ಒಂದು ತ್ರುಟಿತ ತಟ್ಟೆಯ ಪಾಠಶೋಧನೆ

ಬಿ.ಎಲ್. ರೈಸ್ ಸಾಹೇಬರು ಎಪಿಗ್ರಾಫಿಯ ಕರ್ನಾಟಿಕದ 7ನೆಯ ಸಂಪುಟದಲ್ಲಿ (1902) ಚನ್ನಗಿರಿ ತಾಲ್ಲೂಕಿನ ಶಾಸನಗಳನ್ನು ಕೊಟ್ಟಿದ್ದಾರೆ. ಕೆರೆಬಿಳಚಿಯ ನಮ್ಮ ಮನೆಯ ಅಟ್ಟದಲ್ಲಿರುವ ಶಾಸನವೊಂದು ಮಾತ್ರ ಆ ಮಹನೀಯರ ಕಣ್ಣಿಗೆ ಬಿದ್ದಿಲ್ಲ. ಇದು ಅವರ ವಿದ್ವತ್ತಿನ ಕೊರತೆಯಲ್ಲ, ಶಾಸನವೇ 2004ರದ್ದು. ಈ ಲೋಪವನ್ನು ತುಂಬುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಶಾಸನದ ವಿವರ ಹೀಗಿದೆ. ವಸ್ತು: ಪಾಲಿಕಾರ್ಬೊನೇಟ್. ಆಕಾರ: ದುಂಡು. ಅಡ್ಡಳತೆ 120 ಮಿ.ಮೀ., ದಪ್ಪ 1.2 ಮಿ.ಮೀ., ನಡುವೆ 15 ಮಿ.ಮೀ. ತೂತು. ಲಿಪಿ: ಬರಿಗಣ್ಣಿಗೆ ಕಾಣದ ಕಲೆಗಳ ಒಂದೇ ಸಾಲು. ಅದು ಒಳಗಿನಿಂದ ಶುರುವಾಗಿ ಸುರುಳಿ ಸುತ್ತುತ್ತ ಅಂಚಿಗೆ ಬರುತ್ತದೆ. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವೆ 1.6 ಮೈಕ್ರಾನ್, ಪೂರ್ತಿ ತುಂಬಿದ ತಟ್ಟೆಯ ಸುರುಳಿ ಬಿಚ್ಚಿ ಎಳೆದರೆ 5 ಕಿ.ಮೀ. ದಾಟುತ್ತದೆ. ಭಾಷೆ: ಸೊನ್ನೆ ಮತ್ತು ಒಂದು. ಮೇಲ್ಬದಿಯಲ್ಲಿ ಬಾಲ್‌ಪೆನ್ನಿನಿಂದ ಎರಡು ಸಲ ತಿದ್ದಿ ಬರೆದ ‘ಮದುವೆ – 2’ ಎಂಬ ಕನ್ನಡ ಬರಹ. ವಿಷಯ: ನಮ್ಮಕ್ಕನ ಮದುವೆ, ಧಾರೆಯಿಂದ ಊಟದವರೆಗೆ. ಸ್ಥಿತಿ: ತ್ರುಟಿತ.

ದಾನಶಾಸನಗಳಲ್ಲಿ ಕಲ್ಲು ಒಡೆಯುವುದು ದಾನ ಕೊಟ್ಟವನ ಹೆಸರಿದ್ದ ಕಡೆಯೇ ಎಂಬುದು ಬಲ್ಲವರ ಅನುಭವ. ಇಲ್ಲೂ ಹಾಗೆಯೇ ಆಗಿದೆ. ಗಟ್ಟಿಮೇಳ ಶುರುವಾಗುತ್ತದೆ, ಮದುಮಗನ ಕೈ ಮೇಲೇಳುತ್ತದೆ. ಅಲ್ಲಿಗೆ ಚಿತ್ರ ಚೌಕ ಚೌಕವಾಗಿ ಒಡೆದು, ಪುರೋಹಿತರ ಬಾಯಿ ಒಂದು ಕಡೆ, ಬಾಸಿಂಗ ಇನ್ನೊಂದು ಕಡೆ ಆಗಿ ನಿಂತುಬಿಡುತ್ತದೆ. ಮತ್ತೆ ಕೂಡಿಕೊಳ್ಳುವ ಹೊತ್ತಿಗೆ ತಾಳಿ ಕಟ್ಟಿ ಆಗಿದೆ, ಜನ ಊಟಕ್ಕೆ ನುಗ್ಗುತ್ತಿದ್ದಾರೆ. ಹೋದದ್ದು 11 ಸೆಕೆಂಡು.

ಈ 11 ಸೆಕೆಂಡಿನ ಮೇಲೆ ನಮ್ಮ ಮನೆತನದಲ್ಲಿ ಎರಡು ಭಾಷ್ಯಗಳು ಹುಟ್ಟಿವೆ. ಆ ವರ್ಷ ತೋಟದ ಬದುವಿನ ವಿಚಾರಕ್ಕೆ ಮುನಿಸಿಕೊಂಡಿದ್ದ ದೊಡ್ಡಪ್ಪನ ಪ್ರಕಾರ, ಅವನು ಎಲ್ಲ ಮರೆತು ಮಂಟಪದ ಎಡಕ್ಕೆ ನಿಂತು ಅಕ್ಕಿಕಾಳು ಹಾಕಿದ. ನಮ್ಮ ಸೋದರತ್ತೆಯ ಪ್ರಕಾರ ಆ ಹೊತ್ತಿಗೆ ಅವನು ಮೊದಲ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಕೇಳುತ್ತಿದ್ದ. ಫೋಟೊ ಆಲ್ಬಮ್ ಗೆದ್ದಲಿನ ಪಾಲಾಗಿದೆ. ಉಳಿದ ಏಕೈಕ ಮೂಲಾಧಾರ ಈ ತಟ್ಟೆ.

ಇಲ್ಲಿ ಪೂರ್ವಪಕ್ಷ: “ಗೀರು ಬಿದ್ದರೆ ಏನಂತೆ, ಹೊಸ ಸಿ.ಡಿ. ತಂದರಾಯಿತು.” ಇದು ಸಿನಿಮಾ ಸಿ.ಡಿ.ಗೆ ಹೊಂದುವ ಮಾತು. ‘ಮುಂಗಾರು ಮಳೆ’ಯ ಎರಡನೇ ತಟ್ಟೆಗೆ ಗೀರು ಬಿದ್ದರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತಿತ್ತು, ಅಂಗಡಿಯಲ್ಲಿ ಇಲ್ಲದಿದ್ದರೆ ಸಂತೆಯಲ್ಲಿ ಸಿಗುತ್ತಿತ್ತು. ಸಂತೆಯ ಮಾಲು ಎಲ್ಲಿಂದ ಬರುತ್ತಿತ್ತೆಂದು ಯಾರೂ ಕೇಳುತ್ತಿರಲಿಲ್ಲ. (ನಮ್ಮ ರಾಜ್ಯದ 1985ರ ಗೂಂಡಾ ಕಾಯ್ದೆಯ ಉದ್ದನೆಯ ಹೆಸರಿನಲ್ಲಿ ಈಗ ಆಸಿಡ್ ಎರಚುವವರು, ಭೂಗಳ್ಳರ ಜೊತೆಗೆ ವಿಡಿಯೊ-ಆಡಿಯೊ ಕಳ್ಳರೂ ಕೂತಿದ್ದಾರೆ. ನಕಲಿ ಸಿ.ಡಿ. ತರುವ ಮುನ್ನ ಆ ಸಹವಾಸವನ್ನು ನೆನೆಯುವುದು ಒಳ್ಳೆಯದು.) ಆದರೆ ಅಕ್ಕನ ಮದುವೆಯ ಸಿ.ಡಿ. ಯಾವ ಸಂತೆಯಲ್ಲೂ ಇಲ್ಲ. ತೆಗೆದುಕೊಟ್ಟ ಸ್ಟುಡಿಯೊ ಮುಚ್ಚಿ, ಆ ಮಳಿಗೆಯಲ್ಲಿ ಈಗ ಗೊಬ್ಬರ ಮಾರುತ್ತಾರೆ. ಇನ್ನು ಊರಿನ ದೃಷ್ಟಾಂತವನ್ನೇ ನೋಡಿ. ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಶತಮಾನಗಳ ಹಿಂದೆ ಕಟ್ಟಿದ ಸೂಳೆಕೆರೆ ನಮ್ಮ ಮಗ್ಗುಲಲ್ಲೇ ಇದೆ. ಸಿದ್ಧನಾಲೆ, ಬಸವನಾಲೆಗಳಲ್ಲಿ ಹೂಳು ತುಂಬಿದಾಗಲೆಲ್ಲ ತೆಗೆಸಿ ಎಂದು ಕೂಗಿದ್ದೇವೆಯೇ ಹೊರತು, ಇದು ಬೇಡ, ಬೇರೆ ಕೆರೆ ಕೊಡಿ ಎಂದು ಯಾರೂ ಅರ್ಜಿ ಹಾಕಿಲ್ಲ.

ಇನ್ನು ಗೀರುಗಳ ವರ್ಗೀಕರಣ. ನಡುವಿನಿಂದ ಅಂಚಿಗೆ ನೇರ ಹೋದದ್ದು ಅಡ್ಡಗೀರು. ನೋಡಲು ಘೋರ, ಗುಣದಲ್ಲಿ ಸಾಧು: ಸುರುಳಿಯನ್ನು ಒಂದೊಂದು ಸುತ್ತಿನಲ್ಲಿ ಒಂದಿಷ್ಟೇ ಕಡಿಯುತ್ತದೆ. ಸುರುಳಿಯ ಜೊತೆಗೇ ಬಳಸಿಕೊಂಡು ಹೋದದ್ದು ಸುತ್ತುಗೀರು. ಕೂದಲೆಳೆಯಷ್ಟಿದ್ದರೂ ಅದು ಸಾಲಿಗೆ ಸಾಲನ್ನೇ ನುಂಗುತ್ತದೆ. ಈ ಎರಡನೆಯದು ಬಹುಪಾಲು ನಮ್ಮ ಭಕ್ತಿಯ ಫಲ. ಊಟದ ತಟ್ಟೆ ಒರೆಸಿ ರೂಢಿಯಾದ ಕೈ ಸಿ.ಡಿ.ಯನ್ನೂ ಸುತ್ತ ಒರೆಸುತ್ತದೆ, ಲುಂಗಿಯ ತುದಿಯಲ್ಲಿದ್ದ ಮರಳು ಸುರುಳಿಯ ಗುಂಟ ಗೆರೆ ಎಳೆಯುತ್ತದೆ. ಒರೆಸುವುದಿದ್ದರೆ ನಡುವಿನಿಂದ ಅಂಚಿಗೆ ನೇರ ಎಳೆಯಬೇಕು. ಮೂರನೆಯದು ಬೆನ್ನುಗೀರು. ಹೊಳೆಯುವ ಬದಿಯೇ ಪ್ರಾಣ ಎಂದುಕೊಂಡು ಅದನ್ನು ಮೇಲೆ ಮಾಡಿ, ಹೆಸರು ಬರೆದ ಬದಿಯನ್ನು ಟಿ.ವಿ. ಮೇಲೆ ಮಕಾಡೆ ಎಳೆದಾಡುತ್ತೇವಲ್ಲ, ಆಗ ಬೀಳುವಂಥದ್ದು. ಹೊಳೆಯುವ ಬದಿಗೆ ಮಿಲಿಮೀಟರಿಗೂ ಮೀರಿದ ಪ್ಲಾಸ್ಟಿಕ್ಕಿನ ಕಾವಲಿದೆ. ಬರಹದ ಬದಿಯಲ್ಲಿ ಲೋಹದ ತೊಗಲನ್ನು ಕಾಯುವುದು ಬರೀ ತೆಳು ಮೆರುಗೆಣ್ಣೆ. ಅಲ್ಲಿ ತೊಗಲು ಸುಲಿದರೆ ಮದ್ದಿಲ್ಲ. ಆ ತಟ್ಟೆಯನ್ನು ದಾರ ಕಟ್ಟಿ ಮೆಕ್ಕೆಜೋಳದ ಹೊಲದಲ್ಲಿ ಗಿಳಿ ಓಡಿಸಲು ತೂಗಬಹುದು. ನಮ್ಮ ‘ಮದುವೆ – 2’ ಬಾಲ್‌ಪೆನ್ನಿನ ತಿವಿತವನ್ನು ತಡೆದುಕೊಂಡು ಉಳಿದದ್ದು ಕುಲದೇವರ ದಯೆ. ಅದರ ರೋಗ ಸುತ್ತುಗೀರು.

ಯಂತ್ರವೇನೂ ಕೈಕಟ್ಟಿ ಕೂರುವುದಿಲ್ಲ. ರೀಡ್, ಸಾಲೊಮನ್ ಎಂಬಿಬ್ಬರು ಗಣಿತಜ್ಞರು 1960ರಲ್ಲಿ ಕೊಟ್ಟ ಲೆಕ್ಕದ ಮೇಲೆ ಸಿ.ಡಿ.ಯ ತಪ್ಪು ತಿದ್ದುವ ಪದ್ಧತಿ ನಿಂತಿದೆ. ಬಿತ್ತನೆ ಬೀಜವನ್ನು ಒಂದೇ ಕಣಜದಲ್ಲಿಡದೆ ನಾಲ್ಕು ನೆಂಟರ ಮನೆಗೆ ಹಂಚಿದ ಹಾಗೆ, ಒಂದು ಕಡೆಯ ಮಾಹಿತಿಯನ್ನು ಹತ್ತು ಕಡೆ ಚದುರಿಸಿ, ಜೊತೆಗೆ ತಾಳೆ ನೋಡುವ ಅಂಕಿಗಳನ್ನೂ ಇಟ್ಟಿರುತ್ತಾರೆ. ಸುರುಳಿಯ ಗುಂಟ ಸುಮಾರು 2.5 ಮಿ.ಮೀ. ಪೂರ್ತಿ ಹೋದರೂ ಯಂತ್ರ ಅದನ್ನು ಮತ್ತೆ ಲೆಕ್ಕ ಹಾಕಿ ತುಂಬುತ್ತದೆ. ಅದನ್ನೂ ಮೀರಿದರೆ, ಹಾಡಿನ ಸಿ.ಡಿ.ಯಾದಲ್ಲಿ ಅಕ್ಕಪಕ್ಕದ ದನಿ ನೋಡಿ ನಡುವಿನದನ್ನು ಊಹಿಸಿ ನುಡಿಸುತ್ತದೆ. ಶಾಸನ ಸಂಪಾದಕರು ಅಳಿಸಿದ ಅಕ್ಷರವನ್ನು ಕಂಸದಲ್ಲಿ ತುಂಬುವ ಹಾಗೆ, ಆದರೆ ಕಂಸ ಹಾಕುವ ಪ್ರಾಮಾಣಿಕತೆ ಇಲ್ಲದೆ. ನಮ್ಮ ಮದುವೆಯದು ಚಿತ್ರ ತುಂಬಿದ ವಿ.ಸಿ.ಡಿ., ಅದಕ್ಕೆ ಆ ಭಾಗ್ಯವೂ ಇಲ್ಲ. ಗಣಕದ ಸಿ.ಡಿ. ಒಂದು ಖಾನೆಗೆ 2048 ಬೈಟ್ ತುಂಬಿದರೆ ವಿ.ಸಿ.ಡಿ. 2324 ತುಂಬುತ್ತದೆ, ಕಾವಲಿನವರ ಜಾಗದಲ್ಲೂ ನೆಂಟರನ್ನು ಕೂರಿಸಿ. ಆದ್ದರಿಂದಲೇ ಚೌಕಗಳು.

ಚಿಕಿತ್ಸೆಯಲ್ಲಿ ಎರಡು ದರ್ಶನಗಳಿವೆ: ತುಂಬುವಾದ ಮತ್ತು ಉಜ್ಜುವಾದ.

ತುಂಬುವಾದಿಗಳು ಗೀರನ್ನು ಗುಂಡಿ ಎಂದು ತಿಳಿದು ಬಾಳೆಸಿಪ್ಪೆ, ಮೇಣ, ಕೊಬ್ಬರಿ ಎಣ್ಣೆ ಸವರುತ್ತಾರೆ. ನಗಬೇಡಿ, ಇದರಲ್ಲಿ ತರ್ಕವಿದೆ. ಬೆಳಕನ್ನು ಬಾಗಿಸುವ ಗುಣದಲ್ಲಿ ಗಾಳಿಯದು 1, ಪಾಲಿಕಾರ್ಬೊನೇಟಿನದು ಸುಮಾರು 1.58, ಕೊಬ್ಬರಿ ಎಣ್ಣೆಯದು ಸುಮಾರು 1.45. ಗೀರಿನಲ್ಲಿ ಗಾಳಿಯ ಬದಲು ಎಣ್ಣೆ ಕೂತರೆ ಲೇಸರ್ ಕಡಿಮೆ ಎಡವುತ್ತದೆ. ಆದರೆ ತಟ್ಟೆ ಒಳಸುತ್ತಿನಲ್ಲಿ ನಿಮಿಷಕ್ಕೆ ಸುಮಾರು 500 ಸಲ ತಿರುಗುತ್ತದೆ ಎಂಬುದನ್ನು ಈ ದರ್ಶನ ಗಣನೆಗೆ ತೆಗೆದುಕೊಂಡಿಲ್ಲ. ನಾನು ಎಣ್ಣೆ ಸವರಿ ಹಾಕಿದ ದಿನ ಪ್ಲೇಯರಿನ ಲೆನ್ಸಿಗೆ ಅಭ್ಯಂಜನವಾಯಿತು. ಆಮೇಲೆ ಅದು ಒಳ್ಳೆಯ ಸಿ.ಡಿ.ಗೂ ‘ನೋ ಡಿಸ್ಕ್’ ಎಂದು ಮಿಣುಕತೊಡಗಿತು.

ಉಜ್ಜುವಾದ ಕಠೋರ ದರ್ಶನ. ಗೀರನ್ನು ಗುಣಪಡಿಸಲು ಬಾರದು; ಗೀರಿನ ಸುತ್ತಲಿನ ನೆಲವನ್ನೇ ತಗ್ಗಿಸಿ, ದಡವನ್ನು ಇಳಿಜಾರು ಮಾಡಬೇಕು. ಅಂದರೆ ಒಂದು ದೊಡ್ಡ ಗೀರಿಗೆ ಸಾವಿರ ಸಣ್ಣ ಗೀರುಗಳೇ ಮದ್ದು. ಲೇಸರ್ ಮೇಲ್ಮೈಯನ್ನು ದಾಟುವಾಗ ಸುಮಾರು 0.8 ಮಿ.ಮೀ. ಅಗಲ ಇರುತ್ತದೆ, ಅಕ್ಷರ ಮುಟ್ಟುವಾಗ ಚುಕ್ಕಿಯಾಗುತ್ತದೆ. ಹಾಗಾಗಿ ನವಿರಾದ ಗೀರುಗಳು ಅದಕ್ಕೆ ಕಾಣುವುದೇ ಇಲ್ಲ, ಓದುವಾಗ ಕನ್ನಡಕದ ಧೂಳು ಕಾಣದಂತೆ. ಇದಕ್ಕೆ ಬೇಕಾದ್ದು ಬಿಳಿ ಟೂತ್‌ಪೇಸ್ಟು. ಅದರಲ್ಲಿರುವ ನುಣ್ಣನೆಯ ಪುಡಿಯೇ ಸಾಣೆ. ಅಜ್ಜಿಯ ಕೆಂಪು ಹಲ್ಲುಪುಡಿ ನಿಷಿದ್ಧ. ಮೊದಲು ಒಂದು ಭಕ್ತಿಗೀತೆ ಸಿ.ಡಿ.ಯ ಮೇಲೆ ಅದನ್ನು ಪ್ರಯೋಗಿಸಿದ್ದೆ, ಗೀರು ಹೋಯಿತು, ಜೊತೆಗೆ ಹೊಳಪೂ ಹೋಗಿ ತಟ್ಟೆ ಮಂಜುಗಟ್ಟಿದ ಗಾಜಾಯಿತು.

ಪ್ರಯೋಗ ನಡೆದದ್ದು ಕಳೆದ ದೀಪಾವಳಿಯ ಮಾರನೆಯ ದಿನ, ಅಡಿಕೆ ಒಣಹಾಕಿದ ಮಾಳಿಗೆಯ ಮೇಲೆ. ತಟ್ಟೆಯನ್ನು ನೀರಲ್ಲಿ ತೊಳೆದೆ. ಹಳೆಯ ಬನಿಯನ್ನಿನ ತುಂಡಿಗೆ ಕಡಲೆಕಾಳಷ್ಟು ಪೇಸ್ಟು ಹಚ್ಚಿ, ಹೆಬ್ಬೆರಳು ಗೀರಿನ ಮೇಲಿಟ್ಟು, ನಡುವಿನಿಂದ ಅಂಚಿಗೆ, ನಡುವಿನಿಂದ ಅಂಚಿಗೆ. ಹತ್ತು ನಿಮಿಷಕ್ಕೆ ಬಿಸಿಲಿಗೆ ಹಿಡಿದು ಬಾಗಿಸಿ ನೋಡಿದಾಗ ಗೀರಿನ ಅಂಚು ಕರಗಿ ಕಾಮನಬಿಲ್ಲು ಒಡೆಯದೆ ಹರಿಯತೊಡಗಿತು. ಬಾಯಿಂದ ‘ಹಾ’ ಎಂದು ಆವಿ ಬಿಟ್ಟು ಉಳಿದ ಬಿಳುಪನ್ನು ಒರೆಸಿದೆ. ಮಾಳಿಗೆಯೆಲ್ಲ ಲವಂಗದ ವಾಸನೆ. ಕೆಳಗೆ ದೊಡ್ಡಪ್ಪ ಆಗಲೇ ಬಂದು ಕೂತಿದ್ದ. ಅತ್ತೆ ಬಾಗಿಲಿಗೆ ಒರಗಿ ನಿಂತಿದ್ದಳು, ಕೂರಲಿಲ್ಲ. (ಈಚಿನ ವರ್ಷಗಳಲ್ಲಿ ನಮ್ಮ ರಾಜ್ಯದ ಟಿ.ವಿ.ಗಳಲ್ಲಿ ‘ಸಿ.ಡಿ. ಬಿಡುಗಡೆ ಮಾಡ್ತೀನಿ’ ಎಂಬ ಮಾತಿಗೆ ಮಂತ್ರಿಗಳೇ ಬೆವರುತ್ತಾರೆ, ಅಲ್ಲಿ ಯಾರ ಕೈಯಲ್ಲೂ ತಟ್ಟೆ ಇರುವುದಿಲ್ಲ. ನನ್ನ ಕೈಯಲ್ಲಿ ನಿಜವಾದ ತಟ್ಟೆಯೇ ಇತ್ತು.)

ಲೆನ್ಸಿನ ಎಣ್ಣೆ ಒರೆಸಿದ ಪ್ಲೇಯರಿಗೆ ತಟ್ಟೆ ಹಾಕಿದೆ. ಗಟ್ಟಿಮೇಳ ಶುರುವಾಯಿತು. ಮದುಮಗನ ಕೈ ಮೇಲೆದ್ದಿತು. ಚಿತ್ರ ಒಂದು ಸಲ ತಡವರಿಸಿತು, ಒಡೆಯಲಿಲ್ಲ. ಇಪ್ಪತ್ತು ವರ್ಷ ಮುಚ್ಚಿದ್ದ 11 ಸೆಕೆಂಡೂ ತೆರೆದುಕೊಂಡವು. ಅಷ್ಟೂ ಸೆಕೆಂಡು ಪರದೆಯ ತುಂಬ ಇದ್ದದ್ದು ವಿಡಿಯೊ ಲೈಟು ಹಿಡಿದ ಹುಡುಗನ ಬೆನ್ನು. ನೀಲಿ ಚೌಕುಳಿ ಅಂಗಿ. ಹೊಲಿಗೆ ಬಿಚ್ಚಿದ್ದು ಕೂಡ ಸ್ಪಷ್ಟವಾಗಿತ್ತು. ಆ ಬೆನ್ನಿನಾಚೆಯಿಂದ ನಾಲ್ಕು ಅಕ್ಕಿಕಾಳು ಹಾರಿ ಬಂದವು, ಎಡದಿಂದಲೋ ಬಲದಿಂದಲೋ ಹೇಳಲಾಗದು.

ದೊಡ್ಡಪ್ಪ ಅತ್ತೆಯ ಮುಖ ನೋಡಿದ. ಅತ್ತೆ ದೊಡ್ಡಪ್ಪನ ಮುಖ ನೋಡಿದಳು. ಬದುವಿನ ವಿಚಾರ ಬಂದಾಗಿನಿಂದ ಇಬ್ಬರೂ ಒಂದೇ ಮಾತು ಹೇಳಿದ್ದು ಅದೇ ಮೊದಲು.

“ಉಜ್ಜಿ ಉಜ್ಜಿ ಅಳಿಸಿಬಿಟ್ಯಲ್ಲೋ,” ಎಂದರು.